ಇಳಿಯಲು ಅಪ್ಪಣೆ

"ಅಮ್ಮಾ, ಹಿಂದೆ ಕೂತಿರೋ ಅಂಕಲ್ಲು ನಿನ್ನನ್ನೇ ನೋಡ್ತಾವ್ರೆ" ಎಂದು ಮಗಳು ಪಿಸುಗುಟ್ಟಿದಳು. ನಾವು ಬೆಳ್ಳೂರು ಕ್ರಾಸಿನಲ್ಲಿ ನಾಗಮಂಗಲದ ಬಸ್ಸು ಹತ್ತಿ ಐದು ನಿಮಿಷವೂ ಆಗಿರಲಿಲ್ಲ. ತಿರುಗಿ ನೋಡಿದವಳಿಗೆ ತಕ್ಷಣ ಗುರುತು ಸಿಕ್ಕಿತು. ಕತ್ತಿನ ಮೇಲೆ ಉದ್ದನೆಯ ಗಾಯದ ಕಲೆಯಿದ್ದ ಆ ಮನುಷ್ಯ, ನಾನು ಜೈಲರ್ ಆಗಿದ್ದ ಜೈಲಿನಲ್ಲಿ ಶಿಕ್ಷೆ ಅನುಭವಿಸಿದವನು. ಹೊಡೆದಾಟ ಮಾಡಿದ್ದಕ್ಕೆ ಅವನನ್ನು ಹದಿನೈದು ದಿನ ಒಂಟಿ ಕೋಣೆಗೆ ಹಾಕಿಸಿದ್ದೆ. "ಹೊರ್ಗಡೆ ಸಿಕ್ಕೇ ಸಿಗ್ತೀಯ, ಅವತ್ತು ನೋಡ್ಕತೀನಿ" ಎಂದು ಅಂದು ಕೂಗಿದ್ದ.

ಮಗಳನ್ನು ಕಿಟಕಿಯ ಕಡೆಗೆ ಸರಿಸಿ ಅಡ್ಡ ಕೂತೆ. ನೂರಾರು ಕೈದಿಗಳ ಎದುರು ನಿಲ್ಲುವ ನನಗೆ ಆ ಬಸ್ಸಿನಲ್ಲಿ ಯೂನಿಫಾರ್ಮ್ ಇಲ್ಲದೆ ಫೋನ್ ಒತ್ತಲೂ ಬೆರಳು ಬಗ್ಗಲಿಲ್ಲ.

ನಾಗಮಂಗಲದಲ್ಲಿ ಎಲ್ಲರೂ ಇಳಿಯತೊಡಗಿದರು. ಅವನು ಮಾತ್ರ ಎದ್ದು ನನ್ನ ಸೀಟಿನ ಪಕ್ಕ ಬಂದು ನಿಂತ. ಮಗಳನ್ನು ಅವುಚಿಕೊಂಡೆ. ಅವನು ಕೈಕಟ್ಟಿ ತಲೆ ತಗ್ಗಿಸಿದ.

"ಮೇಡಂ, ನಾನು ಇಳ್ಕೊಳ್ಳಲಾ?"

ನನಗೆ ಅರ್ಥವಾಗಲಿಲ್ಲ. ಅವನು ಕಟ್ಟಿದ ಕೈ ಬಿಡಲಿಲ್ಲ.

"ಆಚೆ ಬಂದು ಎರಡು ವರ್ಸ ಆಯ್ತು ಮೇಡಂ. ನಿಮ್ಮುನ್ನ ಕಂಡ್ಮೇಲೆ ಕೇಳ್ದೆ ಇಳಿಯಾಕೆ ಧೈರ್ಯ ಬರ್ನಿಲ್ಲ."

"ಇಳಿಯಪ್ಪ" ಎಂದೆ. ಅವನು ಹಿಂದಿರುಗಿ ನೋಡದೆ ಇಳಿದು ಜನರ ನಡುವೆ ಬೇಗಬೇಗ ನಡೆದುಬಿಟ್ಟ.

ಮುಂದಿನ ವಾರ ಸೂಪರಿಂಟೆಂಡೆಂಟ್ ಆಗಿ ಬಡ್ತಿ ಪಡೆದು ಬೇರೊಂದು ಜೈಲಿನ ಹೊಣೆ ಹೊತ್ತೆ. ಮೊದಲ ದಿನವೇ ಮುದುಕ ಕೈದಿಯೊಬ್ಬ ಕೆಮ್ಮುತ್ತಾ, ನೀರು ಕುಡಿಯಲು ನನ್ನ ಒಂದು ಮಾತಿಗಾಗಿ ಬಸ್ಸಿನವನ ಹಾಗೆಯೇ ಕೈಕಟ್ಟಿ ಕಾದು ನಿಂತಿದ್ದ. ಆಗ ಆದಷ್ಟು ಭಯ ನನಗೆ ಆ ಬಸ್ಸಿನಲ್ಲೂ ಆಗಿರಲಿಲ್ಲ.