ಅಕ್ಕಯಮ್ಮನ ಮುಂದಿನ ಹಲ್ಲು

ವಿಜಯಪುರದ ರೇಷ್ಮೆ ಹುರಿ ಮಾಡುವ ಶೆಡ್ಡಿನಲ್ಲಿ ನನ್ನ ದೊಡ್ಡಮ್ಮ ಅಕ್ಕಯಮ್ಮ ಮೂವತ್ತು ವರ್ಷ ಕತ್ತರಿ ಮುಟ್ಟಲಿಲ್ಲ. ಎಳೆ ತುಂಡಾದರೆ ಬೆರಳಲ್ಲೇ ಗಂಟು ಹಾಕಿ, ಉಳಿದ ತುದಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ ತೆಗೆಯುತ್ತಿದ್ದಳು. ಆಮೇಲೆ ಗಂಟು ಎಲ್ಲಿದೆ ಎಂದು ಹುಡುಕಬೇಕಿತ್ತು. ಅರವತ್ತು ದಾಟಿದರೂ ಕಬ್ಬು ಸಿಗಿಯುವ ಆ ಹಲ್ಲಿನ ಬಗ್ಗೆ ಅವಳಿಗೆ ಜಂಬ ಇತ್ತು. ಮೈಮೇಲೆ ಒಡವೆ ಇಲ್ಲದವಳಿಗೆ ಅಷ್ಟಾದರೂ ಬೇಡವೇ?

ನಾನು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಕೆಲಸಕ್ಕೆ ಸೇರಿದ ವರ್ಷವೇ ಕ್ಲಿನಿಕ್ಕಿಗೆ ಹೊಸ ಕ್ಯಾಮೆರಾ ಬಂತು. ಅದರ ನೇರಳೆ ಬೆಳಕು ಬಿದ್ದರೆ ಒಳ್ಳೆಯ ಹಲ್ಲು ಹಸಿರಾಗಿ ಹೊಳೆಯುತ್ತದೆ. ಬಹಳ ದಿನದಿಂದ ಕೂತ ಪಾಚಿ, ಗಾರೆಯಂತೆ ಗಟ್ಟಿಯಾದದ್ದು, ಕೆಂಪಾಗಿ ಕಾಣುತ್ತದೆ. ಅದನ್ನು ಟೀವಿಯಲ್ಲಿ ತೋರಿಸುವಾಗ ನಾನೇ ಡಾಕ್ಟರು ಅನ್ನಿಸುತ್ತಿತ್ತು ನನಗೆ.

ಶೆಡ್ಡಿನಲ್ಲೇ ಒಂದು ಕ್ಯಾಂಪು ಮಾಡಿದೆವು. ಮೊದಲು ದೊಡ್ಡಮ್ಮನನ್ನೇ ಕೂರಿಸಿದೆ. ಅವಳು ನಗುತ್ತಾ ಬಾಯಿ ತೆರೆದಳು. ಟೀವಿಯಲ್ಲಿ ಮುಂದಿನ ಹಲ್ಲುಗಳ ಬುಡವೆಲ್ಲ ಕೆಂಪು.

“ಎಲ್ರೂ ನೋಡಿ, ಕೆಂಪಗಿರೋದೆಲ್ಲ ಕೊಳಕು,” ಎಂದೆ.

ಜೊತೆಯವರು ನಕ್ಕರು. “ಈ ಬಾಯ್ನಾಗಾ ನೀನು ದಾರ ಕಚ್ತಿದ್ದಿದ್ದು?” ಎಂದಳು ಪಕ್ಕದ ಮಷಿನ್ನಿನ ನರಸಮ್ಮ. ದೊಡ್ಡಮ್ಮ ಬಾಯಿ ಮುಚ್ಚಿದಳು. ಡಾಕ್ಟರು ಈಗಲೇ ಕ್ಲೀನ್ ಮಾಡಿಕೊಡುತ್ತೇನೆ ಎಂದರೂ ಎದ್ದುಬಿಟ್ಟಳು.

“ಗಾರೆ ಕಿತ್ರೆ ಗೋಡೆ ನಿಲ್ತದಾ? ಬ್ಯಾಡ ಬಿಡಿ ಸಾರ್.”

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅದನ್ನೇ ನೆಪ ಮಾಡಿಕೊಂಡು ನಾನೂ ಸುಮ್ಮನಾದೆ. ಅವಳದು ಹೆದರಿಕೆಯಲ್ಲ, ಅವಮಾನ ಎಂದು ನನಗೆ ಗೊತ್ತಿತ್ತು. ಮನೆಗೆ ಹೋಗಿ ತಪ್ಪಾಯಿತು ಅನ್ನಲು ನನ್ನ ಬಿಂಕ ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಶೆಡ್ಡಿನಲ್ಲಿ ಕತ್ತರಿ ಹಿಡಿದಳು. ಕೈ ನಿಧಾನವಾಯಿತು, ವರ್ಷದೊಳಗೆ ಕೆಲಸವನ್ನೂ ಬಿಟ್ಟಳು. ಪಾಚಿಯ ಕೆಳಗೆ ವಸಡು ಹಾಳಾಗುತ್ತಲೇ ಇತ್ತು. ಮೂರನೇ ವರ್ಷ ಮುಂದಿನ ನಾಲ್ಕು ಹಲ್ಲು ಒಂದೊಂದಾಗಿ ಬಿದ್ದವು. ಅಂದೇ ಕ್ಲೀನ್ ಮಾಡಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಹೋದ ವಾರ ತಾನೇ ಬಸ್ಸು ಹತ್ತಿ ಕ್ಲಿನಿಕ್ಕಿಗೆ ಬಂದಳು. ಉಳಿದ ಹಲ್ಲೂ ಅಲ್ಲಾಡುತ್ತಿದ್ದವು. ಅಭ್ಯಾಸಬಲದಿಂದ ನನ್ನ ಕೈ ಕ್ಯಾಮೆರಾದ ಕಡೆ ಹೋಯಿತು.

“ಆ ದೀಪ ಹಾಕೋದಾದ್ರೆ ಹಾಕು ರಂಜಿತ,” ಎಂದಳು ಸೆರಗಿನೊಳಗಿಂದ. “ಯಾರ್ಗೂ ತೋರಿಸ್ಬ್ಯಾಡ ಕಣವ್ವ.”

ಕಾಯುತ್ತಿದ್ದವರನ್ನು ಹೊರಗೆ ಕಳಿಸಿ, ಟೀವಿ ಆರಿಸಿ, ಬಾಗಿಲು ಹಾಕಿದೆ. “ತಪ್ಪಾಯ್ತು ದೊಡ್ಡಮ್ಮ,” ಎಂದೆ. ಅವಳು ಸೆರಗು ಸರಿಸಿ ಬಾಯಿ ತೆರೆದಳು. ಕಣ್ಣು ಮಾತ್ರ ಮುಚ್ಚಿಕೊಂಡಿದ್ದಳು.