ಮೊದಲು ನನ್ನ ಜಡೆ

"ಏಳ್ನೇ ಕ್ಲಾಸು ದಾಟದೋಳು ನೀನು, ಡಾಕ್ಟ್ರುಗೇ ಆಗದ್ದು ನಿನ್ ಕೈಲಾಯ್ತದಾ?" ಎಂದು ನಂಜಮ್ಮಜ್ಜಿ ನಕ್ಕಿದ್ದರು. ಚನ್ನರಾಯಪಟ್ಟಣದ ನನ್ನ ಬ್ಯೂಟಿ ಪಾರ್ಲರಿನಲ್ಲಿ, ಆಟಿಸಂ ಇರುವ ಮಕ್ಕಳಿಗಾಗಿ ನಾವು ಕೆಲವರು ಭಾನುವಾರದ ಕ್ಲಬ್ ನಡೆಸುತ್ತೇವೆ. ಅಜ್ಜಿಯ ಮೊಮ್ಮಗಳು ಪುಟ್ಟಿ ಕತ್ತರಿಯ ಸದ್ದಿಗೇ ಕಿರುಚುತ್ತಿದ್ದಳು. ಕೂದಲು ಗಂಟುಗಟ್ಟಿ ನೆತ್ತಿ ಹುಣ್ಣಾಗಿದ್ದರೂ ಡಾಕ್ಟರಿಗೂ ತಲೆ ಮುಟ್ಟಗೊಟ್ಟಿರಲಿಲ್ಲ.

"ನಾಳೆ ನಾಕು ಜನ ಅಮುಕ್ಕಂಡು ಬೋಳಿಸ್ಬುಡ್ತೀವಿ ಕಣವ್ವ," ಎಂದರು ಅಜ್ಜಿ.

"ಇವತ್ತೊಂದಿನ ಬಿಡಿ ಅಜ್ಜಿ," ಎಂದು ನಾನೇ ಕನ್ನಡಿಯೆದುರಿನ ಕುರ್ಚಿಯಲ್ಲಿ ಕೂತೆ. ಮೊಂಡು ತುದಿಯ ಕತ್ತರಿಯನ್ನು ಪುಟ್ಟಿಯ ಕೈಗೆ ಕೊಟ್ಟು, ನನ್ನ ಜಡೆಯನ್ನು ಚಾಚಿದೆ.

"ಅಯ್ಯೋ, ಮುತ್ತೈದೆ ಕಣೇ ನೀನು! ನಿನ್ ಗಂಡ ಏನಂದಾನು?"

"ಜಡೆ ಅವರದಲ್ವಲ್ಲ ಅಜ್ಜಿ."

ಪುಟ್ಟಿ ಒಮ್ಮೆ ಕತ್ತರಿಸಿ, ಬೆಚ್ಚಿ ನಿಂತಳು. ಈ ಸಲ ಸದ್ದು ಅವಳ ಕೈಯಲ್ಲೇ ಇತ್ತು. ಮತ್ತೆ ಕತ್ತರಿಸಿದಳು, ಜಡೆ ನೆಲಕ್ಕೆ ಬೀಳುವವರೆಗೂ. ಆಮೇಲೆ ನನ್ನನ್ನು ಕುರ್ಚಿಯಿಂದ ತಳ್ಳಿ, ತಾನೇ ಹತ್ತಿ ಕೂತು, ಕತ್ತರಿಯನ್ನು ನನ್ನ ಕೈಗಿಟ್ಟಳು. ನಾನು ಗಂಟುಗಳನ್ನೆಲ್ಲ ಕತ್ತರಿಸಿ ಮುಗಿಸುವವರೆಗೂ ಯಾರೂ ಅವಳನ್ನು ಹಿಡಿದುಕೊಳ್ಳಬೇಕಾಗಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

ಈಗ ಹೊಳೆನರಸೀಪುರ, ಅರಕಲಗೂಡಿನಿಂದಲೂ ಮಕ್ಕಳು ಕ್ಷೌರಕ್ಕೆ ಬರುತ್ತಾರೆ. ನನ್ನದೆನ್ನುವ ಪಾರ್ಲರಿದೆ, ಭಾನುವಾರದ ಬಳಗವಿದೆ, ಹೆಗಲ ಮೇಲೆ ಅಂಕುಡೊಂಕು ಕೂದಲಿದೆ. ಆ ಮಕ್ಕಳು ಹೀಗೆ ಬರುವಂತಾಗಲು ಖರ್ಚಾಗಿದ್ದು ಸೊಂಟ ಮುಟ್ಟುತ್ತಿದ್ದ ಒಂದು ಜಡೆ. ಅದು ಮತ್ತೆ ಬೆಳೆಯುತ್ತದೆ ನಿಜ, ಆದರೆ ಬೆಳೆದಾಗಲೆಲ್ಲ ಪುಟ್ಟಿ ಕತ್ತರಿ ಹುಡುಕುತ್ತಾಳೆ.