ಸಿದ್ದರಾಜು ಮುಟ್ಟಿದ ಕರೆಂಟ್ ಗಿಟಾರು

ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಸಿದ್ದರಾಜುವಿಗೆ ಕರೆಂಟೆಂದರೆ ಭಯ. ಈಜು ಬಾರದವನು ಹರಿಗೋಲು ಹಾಕಿದ ಹಾಗಾಯಿತು ಎಂದು ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ಅಂಗಡಿಯೊಳಗೆ ಅವನು ಬರಿನೆಲಕ್ಕೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕುರ್ಚಿಯ ಕೆಳಗೆ ಸದಾ ಒಂದು ಒಣ ಹಲಗೆ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ಯಾವ ಪೆಟ್ಟಿಗೆ ಬಂದರೂ ಮೊದಲು ಟೆಸ್ಟರು ಮುಟ್ಟಿಸುತ್ತಿದ್ದ. ಆಮೇಲೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯ ಹಿಂಬದಿಯಿಂದ ಒಮ್ಮೆ ಸವರುತ್ತಿದ್ದ. ಅಂಗೈಯಿಂದ ಎಂದೂ ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅವನ ಊರು ಪಾಂಡವಪುರದ ಕಡೆಯ ಕ್ಯಾತನಹಳ್ಳಿ. ಅವನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರಪ್ಪ ಕಬ್ಬಿನ ಗದ್ದೆಗೆ ನೀರು ಬಿಡಲು ಹೋಗಿ, ಕೆಸರುಗಾಲಲ್ಲೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಿಡಿ ಒತ್ತಿದ್ದರು. ಹಿಡಿದ ಕೈ ಬಿಡಲಿಲ್ಲ. ಮನೆಯಂಗಳದಲ್ಲಿ ಮಲಗಿಸಿದ್ದಾಗ ಅಂಗೈಯಲ್ಲಿ ಸುಟ್ಟ ಗುರುತು ಅಡ್ಡಗೆರೆಯಂತೆ ಕಪ್ಪಗೆ ಕಾಣುತ್ತಿತ್ತು. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳುಗಳನ್ನು ಮಡಚಿ ತನ್ನ ಕಡೆಗೇ ಹಿಡಿಸಿಕೊಳ್ಳುತ್ತದೆ, ಕೈಯ ಹಿಂಬದಿಯಿಂದ ಮುಟ್ಟಿದರೆ ಕೊಡವಿ ಎಸೆಯುತ್ತದೆ, ಎರಡು ಕೈಯೂ ತಾಗಿದರೆ ಎದೆಯನ್ನೇ ಹಾಯುತ್ತದೆ ಎಂಬುದು ಅವನಿಗೆ ತಿಳಿದದ್ದು ಐಟಿಐ ಸೇರಿದ ಮೇಲೆ. ತಿಳಿದುಕೊಂಡರೆ ಭಯ ಹೋದೀತೆಂದೇ ಸೇರಿದ್ದ. ತಿಳಿದಷ್ಟೂ ಭಯ ಬೆಳೆಯಿತು. ಅವ್ವ ಬೆಟ್ಟಮ್ಮ ಮಾತ್ರ, "ಎದ್ರುಕೊಂಡೋನು ಮನೆಗ್ ಬತ್ತಾನೆ ಬುಡು" ಎನ್ನುತ್ತಿದ್ದಳು.

ತೊಂಬತ್ತನಾಲ್ಕನೆಯ ಇಸವಿಯ ಗೌರಿ ಗಣೇಶ ಹಬ್ಬದ ದಿನಗಳು. ಒಂದು ಮಧ್ಯಾಹ್ನ ವಾದ್ಯಗೋಷ್ಠಿಯ ಯಜಮಾನ ಮರಿಸ್ವಾಮಿ ಅಂಗಡಿಗೆ ಬಂದ. ಹಿಂದೆಯೇ ಅವನ ಗೋಷ್ಠಿಯ ಗಿಟಾರು ನುಡಿಸುವ ರಘುನಂದನ್, ಹೆಗಲಲ್ಲಿ ಕೆಂಪು ಕರೆಂಟ್ ಗಿಟಾರು, ಕೈಯಲ್ಲಿ ಅದರ ಆಂಪ್ಲಿಫೈಯರು. ಪಾಂಡವಪುರದ ಹುಡುಗ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಸಣ್ ತಂತಿ ದನೀನೇ ಬರಕಿಲ್ಲ ಕಣಣ್ಣ. ದಪ್ಪ ತಂತಿ ಮಾತ್ರ ಗೂಳಿ ಅಂಗೆ ಗುಟುರು ಆಕ್ತದೆ" ಎಂದ ರಘುನಂದನ್.

ಸಿದ್ದರಾಜು ಗಿಟಾರನ್ನು ಮಲಗಿಸಿ ಬಗ್ಗಿ ನೋಡಿದ. ತಂತಿಗಳ ಅಡಿಯಲ್ಲಿ ದನಿಯನ್ನು ಹಿಡಿಯುವ ಪಿಕಪ್ಪುಗಳು, ಬೆಂಕಿಪೊಟ್ಟಣಕ್ಕಿಂತ ಕೊಂಚ ಉದ್ದನೆಯ ಕರಿ ಡಬ್ಬಿಗಳು. ಅವುಗಳಲ್ಲಿ ಒಂದು ಹಳೆಯ ಗೋಡೆಯ ಹಾಗೆ ವಾಲಿತ್ತು. ದಪ್ಪ ತಂತಿಯ ಕಡೆ ಮೇಲೆದ್ದು ತಂತಿಯನ್ನೇ ತಾಗುವಂತಿತ್ತು, ಸಣ್ಣ ತಂತಿಯ ಕಡೆ ಒಳಗೆ ಕುಸಿದಿತ್ತು. ಸ್ಕ್ರೂಗಳನ್ನು ಕಾಲು ಸುತ್ತು ಕಾಲು ಸುತ್ತಾಗಿ ಬಿಚ್ಚಿದ. ಒಳಗೆ ಅಯಸ್ಕಾಂತದ ಸುತ್ತ ಸುತ್ತಿದ ತಂತಿ ಕೂದಲಿಗಿಂತ ಸಣ್ಣದು. ಒಂದು ಎಳೆ ಹರಿದರೆ ಆ ಪಿಕಪ್ಪು ಸತ್ತ ಹಾಗೆಯೇ, ಅದರ ಬದಲಿಯನ್ನು ತರಲು ಮದರಾಸಿಗೇ ಹೋಗಬೇಕು.

ಮೆಲ್ಲಗೆ ಎತ್ತಿದ. ಒಂದು ಬದಿಯ ಸ್ಪ್ರಿಂಗೇ ಇರಲಿಲ್ಲ. ಅದರ ಜಾಗಕ್ಕೆ ಯಾರೋ ಸಿಗರೇಟು ಪ್ಯಾಕಿನ ರಟ್ಟು ತುರುಕಿದ್ದರು.

"ಯಾರಪ್ಪ ಈ ವೈದ್ಯ ಮಾಡ್ದೋನು?"

"ನಾನೇ ಕಣಣ್ಣ" ಎಂದು ರಘುನಂದನ್ ತಲೆ ಕೆರೆದುಕೊಂಡ.

ಸಿದ್ದರಾಜು ಪಕ್ಕದ ಸೈಕಲ್ ಶಾಪಿನಿಂದ ವಾಲ್ ಟ್ಯೂಬಿನ ಒಂದು ತುಂಡು ತಂದ. ಚಕ್ರದ ವಾಲಿಗೆ ಹಾಕುವ ಆ ಸಣ್ಣ ರಬ್ಬರ್ ಕೊಳವೆಯನ್ನು ಸಮನಾಗಿ ಕತ್ತರಿಸಿ, ಎರಡೂ ಸ್ಕ್ರೂಗಳಿಗೆ ತೊಡಿಸಿದ. ಹಳೆಯ ಹವಾಯಿ ಚಪ್ಪಲಿಯ ಮೆತ್ತನೆ ತುಂಡನ್ನು ಪಿಕಪ್ಪಿನ ಅಡಿಗೆ ಹಾಸಿದ. ಆ ಕಡೆಯ ಸ್ಕ್ರೂ ಅಷ್ಟು, ಈ ಕಡೆಯದು ಇಷ್ಟು ಎಂದು ತಿರುಗಿಸುತ್ತ, ತಂತಿಗೂ ಪಿಕಪ್ಪಿಗೂ ನಡುವೆ ನಾಲ್ಕಾಣೆ ಬಿಲ್ಲೆ ತೂರಿಸಿ ಅಂತರ ನೋಡಿದ. ಡಬ್ಬಿ ನೆಟ್ಟಗೆ ಕೂತಿತು.

ಆಂಪ್ಲಿಫೈಯರಿಗೆ ಸಿಕ್ಕಿಸಿ, ರೂಢಿಯಂತೆ ಕೈಯ ಹಿಂಬದಿಯಿಂದ ತಂತಿಯನ್ನು ಸವರಿದ. ಜುಮ್ ಎಂದಿತು. ಹಲಗೆಯ ಮೇಲೆ ನಿಂತಿದ್ದರೂ ಜುಮ್ ಎಂದಿತು.

"ಇದರಲ್ಲಿ ಕರೆಂಟ್ ಬತ್ತಾ ಅದಲ್ಲೋ!"

ಮರಿಸ್ವಾಮಿ ಗಹಗಹಿಸಿದ. "ಕರೆಂಟ್ ಗಿಟಾರಲ್ಲಿ ಕರೆಂಟ್ ಇರ್ದೆ ಕಳ್ಳೆಪುರಿ ಇರ್ತದೇನ್ಲಾ ಸಿದ್ದ?"

"ಯಾವಾಗ್ಲೂ ಅಂಗೇ ಕಣಣ್ಣ. ಬೆರಳು ಜುಮ್ ಅಂತಾ ಇರ್ತದೆ. ಅದುಕ್ಕೇ ಅಲ್ವಾ ಕರೆಂಟ್ ಗಿಟಾರು ಅನ್ನೋದು" ಎಂದ ರಘುನಂದನ್. ಅವನು ದಪ್ಪ ರಬ್ಬರಿನ ಅಡಿಯ ಕ್ಯಾನ್‌ವಾಸ್ ಶೂ ಹಾಕಿದ್ದ.

ಸಿದ್ದರಾಜು ಮತ್ತೆ ಗಿಟಾರು ಬಿಚ್ಚಿದ. ತಂತಿಗಳ ಬುಡದಿಂದ ಒಂದು ವೈರು ಹೊರಟು, ಆಂಪ್ಲಿಫೈಯರಿನ ಒಳತಗಡಿಗೆ ಸೇರುತ್ತಿತ್ತು. ಆ ತಗಡಿಗೆ ಕರೆಂಟು ಸೋರಿದರೆ ನೇರ ತಂತಿಗೇ ಬರುತ್ತದೆ. ಅವನು ಆ ವೈರನ್ನು ಕತ್ತರಿಸಿಬಿಟ್ಟ. ಆಂಪ್ಲಿಫೈಯರು ಗುಂಯ್ ಎಂದು ಕೂಗತೊಡಗಿತು.

"ಏಯ್, ಜೇನುಗೂಡು ಮಾಡಾಕ್‌ಬುಟ್ಯಲ್ಲ! ಮೊದ್ಲಿದ್ದಂಗೇ ಮಾಡು. ಸಂಜೆ ಗೋವಿಂದನಹಳ್ಳಿ ಗಣೇಶನ ಮುಂದೆ ಪ್ರೋಗ್ರಾಮದೆ" ಎಂದು ಮರಿಸ್ವಾಮಿ ಗದರಿದ.

"ಆಂಪ್ಲಿಫೈಯರ್ ಬುಟ್ಟೋಗಿ, ನಾಳೆ ನೋಡ್ತೀನಿ."

"ನಾಳೆ ಗಣೇಶ ನೀರಲ್ಲಿರ್ತಾನೆ. ಹೆದ್ರುಪುಕ್ಲ, ಬೆಸುಗೆ ಆಕ್ಲಾ."

ಸಿದ್ದರಾಜು ಹಾಕಿದ. ತನ್ನ ಕೈಯಾರೆ ಆ ವೈರನ್ನು ಮೊದಲಿನ ಜಾಗಕ್ಕೆ ಬೆಸೆದ. ಅವರು ನಗುತ್ತ ಹೋದರು.

ಅವರು ಹೋದ ಮೇಲೆ ಅವನಿಗೆ ಬೇರೆ ಕೆಲಸ ಹಿಡಿಯಲಿಲ್ಲ. ಆಂಪ್ಲಿಫೈಯರಿನ ಪ್ಲಗ್ಗಿಗೆ ಎರಡೇ ಪಿನ್ನು. ಒಂದು ಮಗ್ಗುಲಾಗಿ ಸಿಕ್ಕಿಸಿದರೆ ಜುಮ್ ಎನ್ನುವ ಪೆಟ್ಟಿಗೆ, ತಿರುಗಿಸಿ ಸಿಕ್ಕಿಸಿದರೆ ಪ್ರಾಣವನ್ನೇ ಕೇಳಬಹುದು. ಹಳ್ಳಿಯಲ್ಲಿ ಕಂಬದ ತಂತಿಗೆ ಬಿದಿರಿನ ಗಳದಿಂದ ಕೊಕ್ಕೆ ಸಿಕ್ಕಿಸಿ ಕರೆಂಟು ತೆಗೆಯುತ್ತಾರೆ. ಅಲ್ಲಿ ಯಾವುದು ಯಾವ ಮಗ್ಗುಲೆಂದು ನೋಡುವವರು ಯಾರು? ಶೂ ಇದೆಯಲ್ಲ ಎಂದು ಸಮಾಧಾನ ತಂದುಕೊಂಡ. ಆಗಲೇ ಇನ್ನೊಂದು ಹೊಳೆಯಿತು. ಗಣೇಶನ ಮುಂದೆ ಯಾರಾದರೂ ಶೂ ಹಾಕಿಕೊಂಡು ವೇದಿಕೆ ಹತ್ತುತ್ತಾರೆಯೇ?

ಅಂಗಡಿಯ ಬಾಗಿಲು ಎಳೆದು ಕಿಕ್ಕೇರಿ ಕಡೆಯ ಬಸ್ಸು ಹಿಡಿದ. ಕಬ್ಬು ತುಂಬಿದ ಟ್ರಾಕ್ಟರೊಂದು ಮುಂದೆ ತೆವಳುತ್ತಿತ್ತು. ಡ್ರೈವರು ಹಾರನ್ನು ಹೊಡೆದಷ್ಟೂ ಅದು ದಾರಿಯ ನಡುವೆಯೇ ಹೋಯಿತು. ಸಿದ್ದರಾಜು ಸೀಟಿದ್ದರೂ ಕೂರಲಿಲ್ಲ. ತನ್ನ ಅಂಗೈ ನೋಡಿಕೊಂಡ. ಬೆಸುಗೆ ಹಾಕಿದ ಬೆರಳುಗಳಿಗೆ ಇನ್ನೂ ಸೀಸದ ವಾಸನೆ ಇತ್ತು.

ಬಸ್ಸಿಳಿದು ಊರೊಳಗೆ ಓಡಿದಾಗ ಬೀದಿದೀಪ ಹತ್ತುವ ಹೊತ್ತು. ಚಪ್ಪರದಲ್ಲಿ ಗಣೇಶ, ಎದುರಿಗೆ ಮಣ್ಣಿನ ಜಗಲಿ. ಆಗಷ್ಟೇ ಹೆಂಗಸರು ಸಗಣಿನೀರಲ್ಲಿ ಸಾರಿಸಿದ್ದ ಜಗಲಿ ಹಸಿಹಸಿಯಾಗಿ ಹೊಳೆಯುತ್ತಿತ್ತು. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಜಗಲಿಯ ಮೇಲೆ ಒಂದು ಕುರ್ಚಿಗೆ ಕೆಂಪು ಗಿಟಾರು ಒರಗಿತ್ತು, ಆಂಪ್ಲಿಫೈಯರಿನ ದೀಪ ಆಗಲೇ ಉರಿಯುತ್ತಿತ್ತು. ರಘುನಂದನ್ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಒಂದು ಕಾಲಿನದು ಬಿಚ್ಚಿಯಾಗಿತ್ತು. ಇನ್ನೊಂದರ ದಾರ ಗಂಟು ಬಿದ್ದಿತ್ತು.

"ಮುಟ್ಬ್ಯಾಡ! ಗಿಟಾರ್ ಮುಟ್ಬ್ಯಾಡ ಕಣೋ!"

ಮೈಕಿನ 'ಹಲೋ ಹಲೋ' ನಡುವೆ ಅವನ ದನಿ ಮುಳುಗಿತು. ಜನರನ್ನು ಸೀಳಿಕೊಂಡು ಬಂದು ಹುಡುಗನ ತೋಳು ಹಿಡಿದ. ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಗಿಟಾರಿನ ತಂತಿಗೆ ಟೆಸ್ಟರು ಇಟ್ಟ. ಒಳಗಿನ ಪುಟ್ಟ ದೀಪ ಕೆಂಪಗೆ ಉರಿಯಿತು.

ಗಣೇಶನ ಸಮಿತಿಯ ಸೋಮಯ್ಯ ಬಗ್ಗಿ ನೋಡಿ, "ಅದೇನ್ ಮಹಾ? ನಮ್ಮನೆ ತಗಡಿನ್ ಬಾಗ್ಲು ಮುಟ್ಟುದ್ರೂ ಟೆಸ್ಟರ್ ಉರೀತದೆ" ಎಂದ.

ಮರಿಸ್ವಾಮಿ ತಲೆ ಚಚ್ಚಿಕೊಂಡ. "ಪ್ಯಾಟೆಯಿಂದ ಇಲ್ಲೀಗಂಟ ಎದ್ರುಸಾಕೆ ಬಂದ್ಯೇನ್ಲಾ? ಜನ ಕಾಯ್ತಾವ್ರೆ, ಕೆಳಿಕ್ಕಿಳಿ. ರಘು, ನೀ ಬಾರ್ಲಾ."

ಗಂಟು ಬಿಚ್ಚಿತ್ತು. ಹುಡುಗ ಬರಿಗಾಲಲ್ಲಿ ಮೊದಲ ಮೆಟ್ಟಿಲು ಹತ್ತಿದ.

ಸಿದ್ದರಾಜು ಪಾದ ನೋಡಿಕೊಂಡ. ಬೆರಳ ಸಂದಿಯಲ್ಲಿ ಸಗಣಿನೀರು ತಣ್ಣಗಿತ್ತು. ಅಪ್ಪನ ಕಾಲೂ ಅಂದು ಹೀಗೇ ಹಸಿಯಾಗಿತ್ತು. ಎಡಗೈಯನ್ನು ಬೆನ್ನ ಹಿಂದೆ ಒಯ್ದ. ಬಲಗೈ ಮುಷ್ಟಿ ಕಟ್ಟಿ, ಕಣ್ಣು ಮುಚ್ಚಿ, ಕೈಯ ಹಿಂಬದಿಯನ್ನು ತಂತಿಗೆ ತಾಗಿಸಿದ.

ಕೊಡಲಿಯ ಹಿಂಬದಿಯಿಂದ ಮೊಣಕೈಗೆ ಬಡಿದಂತಾಯಿತು. ಕೈ ಹಾರಿತು, ಹಿಂದೆಯೇ ಮೈ ಹಾರಿತು. ತಬಲದವನ ಮೇಲೆ ಬಿದ್ದ. ಗಿಟಾರು ಕುರ್ಚಿಯಿಂದ ಜಾರಿ ಡಂಯ್ ಎಂದು ನೆಲಕ್ಕೆ ಬಿತ್ತು. ಮೈಕು ಹಿಡಿದವನು 'ಹಲೋ' ಎನ್ನುವುದನ್ನು ನಿಲ್ಲಿಸಿದ.

"ಕೊಕ್ಕೆ ತೆಗೀರ್ಲಾ! ಮೊದ್ಲು ಕೊಕ್ಕೆ ತೆಗೀರಿ!" ಎಂದು ಈಗ ಕೂಗಿದವನು ಸೋಮಯ್ಯನೇ.

ಕೊಕ್ಕೆ ಬಿಡಿಸಿದ ಮೇಲೆ ಸಿದ್ದರಾಜು ಎದ್ದು ಬಂದ. ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದ. ಒಂದು ಹಾರೆ ತರಿಸಿ ಹಸಿನೆಲದಲ್ಲಿ ಹೂಳಿಸಿ, ಸೋರುವ ಕರೆಂಟು ನೆಲಕ್ಕಿಳಿಯಲೆಂದು ಆಂಪ್ಲಿಫೈಯರಿನ ತಗಡಿನಿಂದ ಅದಕ್ಕೆ ವೈರು ಕಟ್ಟಿದ. ಕೊಕ್ಕೆ ಹಾಕಿಸಿ ಟೆಸ್ಟರಿಟ್ಟು ನೋಡಿದ. ಉರಿಯಲಿಲ್ಲ. ಅವನಿಗೆ ನಂಬಿಕೆ ಬರಲಿಲ್ಲ, ಮತ್ತೆ ಮತ್ತೆ ಇಟ್ಟ.

"ಆದ್ರೂ ಬರಿಗಾಲಲ್ಲಿ ಬ್ಯಾಡ. ಶೂ ಆಕೊಳ್ಳಿ."

"ದೇವ್ರ ಮುಂದೆ ಶೂ ಆಕುಸ್ತೀಯಾ?" ಎಂದಳು ಎದುರುಮನೆಯ ಮುದುಕಿ ಚಲುವಮ್ಮ. ಹಾಗೆಂದವಳೇ ಮನೆಯೊಳಗೆ ಹೋಗಿ ಹಲಸಿನ ಮರದ ಅಗಲವಾದ ಮಣೆ ತಂದಳು. "ನಮ್ ಮೊಮ್ಮಗಳ ಮದ್ವೇಲಿ ಆಕಿದ್ ಮಣೆ. ಒಣಗ್ಯದೆ. ಇದ್ರ ಮ್ಯಾಲ್ ನಿಂತ್ಕೊ ಮಗ."

ರಘುನಂದನ್ ಮಣೆಯ ಮೇಲೆ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು.

"ಎರಡನೇ ಮದ್ವೆ ಕಣ್ಲಾ ನಿಂಗೆ! ತಾಳಿ ತರ್ಲಾ?" ಎಂದು ಯಾರೋ ಕೂಗಿದರು. ಊರು ನಕ್ಕಿತು. ಹಾಡು ಶುರುವಾಯಿತು.

ಮರಿಸ್ವಾಮಿ ಮುಂದಿನ ಸಾಲಲ್ಲಿ ಸಿದ್ದರಾಜುವಿಗೆ ಒಂದು ಕುರ್ಚಿ ಹಾಕಿಸಿದ. ಸಿದ್ದರಾಜು ಕೂರಲಿಲ್ಲ. ಕೊಕ್ಕೆ ಬಿಡಿಸುವ ಬಿದಿರಿನ ಗಳವನ್ನು ಹಿಡಿದುಕೊಂಡು ಕಂಬದ ಬುಡದಲ್ಲಿ ನಿಂತ. ಹಾಡಿನ ಮೇಲೆ ಹಾಡು ಬಂತು, ಚಪ್ಪಾಳೆ ಬಿತ್ತು. ಹುಡುಗ ಮೈಮರೆತು ತಲೆದೂಗಿದಾಗ ಅವನ ಹಿಮ್ಮಡಿ ಮಣೆಯ ಅಂಚಿಗೆ ಬರುತ್ತಿತ್ತು. ಆಗೆಲ್ಲ ಸಿದ್ದರಾಜು ಗಳವನ್ನು ಕೊಕ್ಕೆಯ ಕಡೆಗೆ ಎತ್ತುತ್ತಿದ್ದ.

ಕೊನೆಯ ಹಾಡು ಮುಗಿಯಿತು. ರಘುನಂದನ್ ಮಣೆಯ ಮೇಲಿಂದಲೇ ಬಗ್ಗಿ ಕೇಳಿದ:

"ಅಣ್ಣ, ಸಣ್ ತಂತಿ ದನಿ ಎಂಗ್ ಕೇಳ್ತು? ಪಿಕಪ್ಪು ನೆಟ್ಟಗ್ ಕೂತದೆ ಅಲ್ವಾ?"

"ಕೇಳ್ಲಿಲ್ಲ ಕಣಪ್ಪ. ನಿನ್ ಕಾಲ್ ನೋಡ್ತಾ ಇದ್ದೆ."

ಹುಡುಗ ನಕ್ಕು ಕಾಲು ಕೆಳಗಿಡಹೋದ.

"ಇಳೀಬ್ಯಾಡ! ಅಲ್ಲೇ ನಿಂತ್ಕೊ" ಎಂದ ಸಿದ್ದರಾಜು. ಎರಡು ಕೈಯಲ್ಲೂ ಬಿದಿರಿನ ಗಳ ಎತ್ತಿ, ಕೊಕ್ಕೆ ಬಿಡಿಸಲು ಕತ್ತಲಲ್ಲಿ ತಂತಿ ಎಲ್ಲಿದೆಯೆಂದು ಹುಡುಕತೊಡಗಿದ.